ತಂಗಿಯ ಸುಟ್ಟ ಗಾಯ ಮತ್ತು ಒಂಬತ್ತು ಮನೆಗಳು

2008ರಲ್ಲಿ ಒಂದು ರಾತ್ರಿ ನಾನು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಚಾಚಾನ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಚಿಕ್ಕಬಳ್ಳಾಪುರದ ಹತ್ತಿರ, ಆಗ ಏಳನೇ ನಂಬರಿನದಾಗಿದ್ದ, ಈಗ 44ನೇ ನಂಬರಿನ ಹೆದ್ದಾರಿಯಲ್ಲಿ, ಮಗ್ರಿಬ್ ಕಳೆದು ಕತ್ತಲಾಗುತ್ತಿದ್ದ ಹೊತ್ತಿನಲ್ಲಿ ಆದದ್ದು. ಅವನ ಹೆಲ್ಮೆಟ್ಟು ಮನೆಯ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

ನಡುರಾತ್ರಿಯ ಹೊತ್ತಿಗೆ ಒಬ್ಬ ಹುಡುಗಿ ಕೈಯಲ್ಲಿ ಅಚ್ಚು ಮಾಡಿದ ಹಾಳೆ ಹಿಡಿದು ಬಂದಳು. ಯಾವ ರಸ್ತೆ? ಎಷ್ಟು ಗಂಟೆಗೆ? ಬೀದಿ ದೀಪ ಇತ್ತೆ? ಹೆಲ್ಮೆಟ್ ಹಾಕಿದ್ದರೆ? ಯಾವ ವಾಹನದಲ್ಲಿ ಕರೆತಂದಿರಿ? ದಾರಿಯಲ್ಲಿ ಎಷ್ಟು ಆಸ್ಪತ್ರೆಗೆ ಹೋಗಿ ಬಂದಿರಿ? ನನಗೆ ಸಿಟ್ಟು ಬಂತು. "ಅವನು ಬದುಕುತ್ತಾನೋ ಇಲ್ಲವೋ ಎಂದು ನಾವಿಲ್ಲಿ ದುಆ ಮಾಡುತ್ತಾ ಕೂತಿದ್ದೇವೆ. ನೀವು ಬೀದಿ ದೀಪದ ಲೆಕ್ಕ ಕೇಳುತ್ತಿದ್ದೀರಲ್ಲಮ್ಮ?" ಎಂದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ಹುಡುಗನನ್ನು ಡಾಕ್ಟರು ನೋಡಿಕೊಳ್ಳುತ್ತಾರೆ ಸರ್. ಇದು, ನಾಳೆ ಈ ಬೆಂಚಿನ ಮೇಲೆ ಇನ್ನೊಬ್ಬರು ಬಂದು ಕೂರದ ಹಾಗೆ ಮಾಡೋದಕ್ಕೆ" ಎಂದಳು.

ಅಲ್ಲಾಹನ ದಯೆ, ಹುಡುಗ ಉಳಿದ. ಬಲಗೈಗೆ ಮಾತ್ರ ಇವತ್ತಿಗೂ ಮೊದಲಿನ ಬಲವಿಲ್ಲ. ಆ ಹುಡುಗಿಯ ಮಾತು ನನ್ನ ತಲೆಯಲ್ಲೇ ಉಳಿದುಕೊಂಡಿತು. ನಾನು ಕತೆ ಬರೆಯುವವನು. ಕತೆಗಾರನೂ ಹೀಗೇ ಕೇಳುತ್ತಾನೆ: ಎಲ್ಲಿ, ಯಾವಾಗ, ಯಾರಿದ್ದರು, ಬೆಳಕು ಹೇಗಿತ್ತು? ಆದರೆ ಇನ್ನೊಬ್ಬರು ಅದೇ ಬೆಂಚಿಗೆ ಬಂದು ಕೂರಬಾರದು ಎಂಬ ಉದ್ದೇಶದಿಂದ ನಾನು ಒಂದು ಕತೆಯನ್ನೂ ಬರೆದಿರಲಿಲ್ಲ.

ಆ ಪ್ರಶ್ನೆಗಳ ಹಿಂದೆ ಯಾರಿದ್ದಾರೆಂದು ವಿಚಾರಿಸಿದಾಗ ಡಾ. ಜಿ. ಗುರುರಾಜ್ ಅವರ ಹೆಸರು ಸಿಕ್ಕಿತು. ಅವರು ನಿಮ್ಹಾನ್ಸ್‌ನಲ್ಲಿ ಎಪಿಡೆಮಿಯಾಲಜಿ ವಿಭಾಗದ ಪ್ರಾಧ್ಯಾಪಕರಾಗಿದ್ದವರು, ಮುಂದೆ ಅದೇ ಸಂಸ್ಥೆಯ ನಿರ್ದೇಶಕರೂ ಆದರು. ಎಪಿಡೆಮಿಯಾಲಜಿ ಎಂದರೆ ಕಾಲರಾ, ಪ್ಲೇಗಿನಂಥ ರೋಗಗಳು ಯಾರಿಗೆ, ಎಲ್ಲಿ, ಯಾವಾಗ, ಯಾಕೆ ಬರುತ್ತವೆಂದು ಲೆಕ್ಕ ಹಾಕಿ ತಡೆಯುವ ಶಾಸ್ತ್ರ. ಗುರುರಾಜ್ ಅದೇ ಕಣ್ಣಿನಿಂದ ಗಾಯಗಳನ್ನು ನೋಡಿದರು. ದ್ವಿಚಕ್ರ ಸವಾರರ ತಲೆಗಾಯ, ಆತ್ಮಹತ್ಯೆ, ಮಕ್ಕಳ ಸುಟ್ಟ ಗಾಯ, ಬೀಳುವಿಕೆ ಇವೆಲ್ಲ ಅವರ ಕೆಲಸದ ವ್ಯಾಪ್ತಿಗೆ ಬಂದವು. 2007ರಿಂದ ಬೆಂಗಳೂರಿನ ಹಲವು ಆಸ್ಪತ್ರೆಗಳಿಂದ ಮತ್ತು ಪೊಲೀಸರಿಂದ ಗಾಯಗಳ ಮಾಹಿತಿಯನ್ನು ಒಂದೇ ಬಗೆಯಲ್ಲಿ ಸಂಗ್ರಹಿಸುವ ವ್ಯವಸ್ಥೆಯನ್ನು ಅವರ ತಂಡ ಕಟ್ಟಿತು. ಗಾಯ ತಡೆಗಟ್ಟುವ ಕೆಲಸದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರವಾಗಿ ನಿಮ್ಹಾನ್ಸ್ ಕೆಲಸ ಮಾಡಿತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಮುಂದಾಳತ್ವವೂ ಅವರದೇ. 12 ರಾಜ್ಯಗಳ ಆ ಸಮೀಕ್ಷೆಗೆ ಮೊದಲು ಪ್ರಾಯೋಗಿಕ ಅಧ್ಯಯನ ನಡೆದದ್ದು ನಮ್ಮ ಪಕ್ಕದ ಕೋಲಾರ ಜಿಲ್ಲೆಯಲ್ಲಿ. ಒಬ್ಬರೇ ಮನುಷ್ಯ ತಲೆಯ ಗಾಯವನ್ನೂ ಮನಸ್ಸಿನ ಗಾಯವನ್ನೂ ಎಣಿಸಿದರು ಎಂಬುದು ನನ್ನನ್ನು ಯೋಚನೆಗೆ ಹಚ್ಚಿತು.

ಈ ಶಾಸ್ತ್ರದವರು 'ಆಕ್ಸಿಡೆಂಟ್' ಎಂಬ ಪದವನ್ನೇ ಇಷ್ಟಪಡುವುದಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆ 2001ರಲ್ಲಿ ತನ್ನ ಪುಟಗಳಿಂದ ಆ ಪದಕ್ಕೆ ನಿಷೇಧ ಹಾಕಿತು. ಆಕ್ಸಿಡೆಂಟ್ ಎಂದ ಕೂಡಲೇ ಅದನ್ನು ತಡೆಯಲು ಆಗುತ್ತಿರಲಿಲ್ಲ ಎಂಬ ಅರ್ಥ ಬರುತ್ತದೆ, ಆದರೆ ಬಹುಪಾಲು ಗಾಯಗಳನ್ನು ತಡೆಯಬಹುದು ಎಂಬುದು ಅವರ ವಾದ. ಕನ್ನಡದ 'ಆಕಸ್ಮಿಕ'ದಲ್ಲೂ ಉರ್ದುವಿನ 'ಹಾದ್ಸಾ'ದಲ್ಲೂ ಅದೇ ಕೈಚೆಲ್ಲುವ ಭಾವವಿದೆ. ನಾನು ಎರಡೂ ಭಾಷೆಯಲ್ಲಿ ಓದಿದವನು. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಎರಡೂ ಭಾಷೆಯಲ್ಲಿ ಹಾಗೆಯೇ ಕರೆಯುತ್ತ ಬಂದಿದ್ದೆವು.

ಅದು 1990ರ ಮಳೆಗಾಲ. ಆಗ ಶಿಡ್ಲಘಟ್ಟ ಕೋಲಾರ ಜಿಲ್ಲೆಯಲ್ಲೇ ಇತ್ತು, ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಶಿಡ್ಲಘಟ್ಟ ಎಂದರೆ ರೇಷ್ಮೆ. ಸುತ್ತಲಿನ ಹಳ್ಳಿಯ ರೈತರು ಹಿಪ್ಪುನೇರಳೆ ಬೆಳೆದು ಗೂಡು ಮಾಡಿ ಮಾರುಕಟ್ಟೆಗೆ ತರುತ್ತಾರೆ, ಊರೊಳಗಿನ ನಾವು ಅದರಿಂದ ನೂಲು ಬಿಚ್ಚುತ್ತೇವೆ. ಬಿಚ್ಚುವವರಲ್ಲಿ ಮುಸ್ಲಿಮರೇ ಹೆಚ್ಚು. ಅಬ್ಬಾ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ ಎರಡು ಚರಕ ಇಟ್ಟುಕೊಂಡಿದ್ದರು. ಮಣ್ಣಿನ ಒಲೆ, ಅದರ ಮೇಲೆ ಅಗಲವಾದ ಬಾಣಲೆ, ಅದರಲ್ಲಿ ಕುದಿಯುವ ನೀರು, ನೀರಿನಲ್ಲಿ ಗೂಡು. ಬಾಣಲೆಯ ಮುಂದೆ ಕೂತವರು ಗೂಡಿನ ಎಳೆ ಹುಡುಕಿ ಕೊಡಬೇಕು, ಇನ್ನೊಬ್ಬರು ಚಕ್ರ ತಿರುಗಿಸಬೇಕು. ಚಕ್ರ ನಿಂತರೆ ಎಳೆ ಹರಿಯುತ್ತದೆ, ಎಳೆ ಹರಿದರೆ ನೂಲಿನ ದರ ಬೀಳುತ್ತದೆ. ಬೆಳಿಗ್ಗೆ ಫಜರ್‌ನಿಂದ ಶಾಲೆಯ ಗಂಟೆ ಹೊಡೆಯುವವರೆಗೆ ಒಂದು ಚಕ್ರ ನನ್ನದು. ನನಗೆ ಆಗ ಹತ್ತು ವರ್ಷ.

ಬಾಲಕಾರ್ಮಿಕ ಕಾಯಿದೆ 1986ರಲ್ಲೇ ಬಂದಿತ್ತು. ಆದರೆ ಮನೆಯವರೇ ಸೇರಿ ಮಾಡುವ ಕೆಲಸಕ್ಕೆ ಅದರಲ್ಲಿ ವಿನಾಯಿತಿ ಇತ್ತು. ಕಾಯಿದೆಯ ಕಣ್ಣಿಗೆ ನಾನು ಬಾಲಕಾರ್ಮಿಕನಾಗಿರಲಿಲ್ಲ, ಅಬ್ಬಾಗೆ ನೆರವಾಗುತ್ತಿದ್ದ ಮಗನಾಗಿದ್ದೆ.

ಆ ಬೆಳಿಗ್ಗೆ ಐದು ವರ್ಷದ ತಂಗಿ ಎದ್ದು ಕಣ್ಣು ಉಜ್ಜುತ್ತಾ ಶೆಡ್ಡಿಗೆ ಬಂದಳು. ಅಮ್ಮಿ ಆಚೆ ಗೂಡು ಆರಿಸುತ್ತಿದ್ದರು. "ಅವಳನ್ನು ನೋಡಿಕೋ" ಎಂದು ಅಲ್ಲಿಂದಲೇ ಕೂಗಿ ಹೇಳಿದರು. ನಾನು ಚಕ್ರ ತಿರುಗಿಸುತ್ತಿದ್ದೆ. ಚಕ್ರದ ಕಡೆ ಮುಖ ಮಾಡಿದರೆ ಬಾಣಲೆಯ ಕಡೆ ಬೆನ್ನು. ನೆಲದ ಮೇಲೆ ಯಾವಾಗಲೂ ನೀರು, ಹುಳದ ಜಿಡ್ಡು. ತಂಗಿ ಜಾರಿದಳು, ಬೀಳದಿರಲು ಕೈಗೆ ಸಿಕ್ಕಿದ್ದನ್ನು ಹಿಡಿದಳು. ಸಿಕ್ಕಿದ್ದು ಬಾಣಲೆಯ ಅಂಚು.

ಆ ಕೂಗನ್ನು ಇಲ್ಲಿ ವರ್ಣಿಸುವುದಿಲ್ಲ. ಎಡ ಹೆಗಲಿನಿಂದ ಮೊಣಕೈವರೆಗೆ ಸುಟ್ಟಿತ್ತು. ಪಾಲಿಸ್ಟರ್ ಫ್ರಾಕನ್ನು ಗಾಬರಿಯಲ್ಲಿ ಎಳೆದು ತೆಗೆದರು, ಅದರ ಜೊತೆ ಚರ್ಮವೂ ಬಂತು. ಒಬ್ಬರು ಇಂಕು ಸುರಿದರು, ಇನ್ನೊಬ್ಬರು ಕೋಳಿಮೊಟ್ಟೆ ಒಡೆದು ಹಚ್ಚಿದರು. ಶೆಡ್ಡಿನ ಮೂಲೆಯಲ್ಲಿ ಎರಡು ಡ್ರಮ್ಮು ತಣ್ಣೀರು ತುಂಬಿತ್ತು. ಅದನ್ನು ಯಾರೂ ಮುಟ್ಟಲಿಲ್ಲ, ಸುಟ್ಟ ಗಾಯಕ್ಕೆ ನೀರು ತಾಗಿದರೆ ಬೊಬ್ಬೆ ಏಳುತ್ತದೆ ಎಂದು ಹೇಳುತ್ತಿದ್ದರು. ಆಟೋ ಸಿಕ್ಕಿ ಆಸ್ಪತ್ರೆ ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಸಂಜೆ ಪಟ್ಟಿ ಕಟ್ಟಿಸಿಕೊಂಡು ಕರೆದುಕೊಂಡು ಬಂದರು.

ಆ ರಾತ್ರಿ ಅಬ್ಬಾ ಸೊಂಟದ ಬೆಲ್ಟು ಬಿಚ್ಚಿ ನನ್ನನ್ನು ಹೊಡೆದರು. ಯಾರೂ ಬಿಡಿಸಲಿಲ್ಲ. ಹೊಡೆತ ನ್ಯಾಯವೆಂದೇ ನನಗೂ ಅನಿಸಿತು. ನೋಡಿಕೋ ಎಂದು ಹೇಳಿದ್ದರು, ನಾನು ನೋಡಿಕೊಳ್ಳಲಿಲ್ಲ. ಮುಂದೆ ನೆಂಟರು ಬಂದಾಗಲೆಲ್ಲ ಅಮ್ಮಿ ಎರಡೇ ಮಾತಿನಲ್ಲಿ ಹೇಳುತ್ತಿದ್ದರು: "ಅಣ್ಣನ ಗಮನ ಎಲ್ಲೋ ಇತ್ತು. ಅವಳ ಹಣೆಯಲ್ಲಿ ಬರೆದಿತ್ತು." ಒಂದು ಮಾತು ನನ್ನ ಮೇಲೆ, ಇನ್ನೊಂದು ಅಲ್ಲಾಹನ ಮೇಲೆ. ನಾನು ಇಷ್ಟು ಕತೆ ಬರೆದೆ, ಇದನ್ನು ಮಾತ್ರ ಬರೆಯಲಿಲ್ಲ.

ಇಷ್ಟು ವರ್ಷದ ಮೇಲೆ ಬರೆಯಲು ಕೂತದ್ದಕ್ಕೆ ಅಮೆರಿಕದ ಒಬ್ಬ ವೈದ್ಯರು ಕಾರಣ. ವಿಲಿಯಂ ಹ್ಯಾಡನ್ ಎಂದು ಅವರ ಹೆಸರು. 1966ರಲ್ಲಿ ಅಲ್ಲಿನ ಸರ್ಕಾರ ಹೆದ್ದಾರಿ ಸುರಕ್ಷತೆಗೆಂದು ಮೊದಲ ಬಾರಿ ಇಲಾಖೆ ಮಾಡಿದಾಗ ಅದರ ಮುಖ್ಯಸ್ಥರಾದವರು. ಮಲೇರಿಯಾಕ್ಕೆ ರೋಗಾಣು ಇರುವಂತೆ ಗಾಯಕ್ಕೂ ಒಂದು ಕಾರಕ ಇದೆ, ಅದು ಶಕ್ತಿ ಎಂಬ ವಿಚಾರವನ್ನು ಅವರು ಬೆಳೆಸಿದರು. ವೇಗದ ಶಕ್ತಿ, ಶಾಖದ ಶಕ್ತಿ, ವಿದ್ಯುತ್ತಿನ ಶಕ್ತಿ ದೇಹ ತಡೆಯುವುದಕ್ಕಿಂತ ಹೆಚ್ಚಾಗಿ ಬಂದು ತಾಗಿದರೆ ಗಾಯ. ಅವರು ಒಂದು ಹಾಳೆಯಲ್ಲಿ ಒಂಬತ್ತು ಮನೆ ಹಾಕಿದರು, ನಾವು ಚೌಕಾಬಾರಕ್ಕೆ ಹಾಕುವ ಹಾಗೆ. ಅಡ್ಡ ಸಾಲು ಮೂರು: ಘಟನೆಗೆ ಮೊದಲು, ಆ ಕ್ಷಣ, ನಂತರ. ಉದ್ದ ಸಾಲು ಮೂರು: ಗಾಯಗೊಂಡ ಮನುಷ್ಯ, ಗಾಯ ಮಾಡಿದ ವಸ್ತು, ಸುತ್ತಲಿನ ಪರಿಸರ. ಯಾವುದೇ ಗಾಯವಾಗಲಿ, ಒಂಬತ್ತು ಮನೆಯನ್ನೂ ತುಂಬಬೇಕು. ಆಗ ತಡೆಯಲು ಒಂಬತ್ತು ಜಾಗಗಳು ಕಾಣುತ್ತವೆ. ನಿಮ್ಹಾನ್ಸ್‌ನ ಹುಡುಗಿ ಬೀದಿ ದೀಪ, ಹೆಲ್ಮೆಟ್, ಆಂಬುಲೆನ್ಸ್ ಎಂದು ಕೇಳುತ್ತಿದ್ದುದು ಈ ಮನೆಗಳನ್ನೇ ಎಂದು ಆಗ ತಿಳಿಯಿತು.

ಒಂದು ಭಾನುವಾರ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಂಗಿಯ ಗಾಯವನ್ನು ತುಂಬತೊಡಗಿದೆ. ಮೊದಲು: ನಿದ್ದೆಗಣ್ಣಿನ ಐದು ವರ್ಷದ ಮಗು. ಮಗುವಿನ ಕೈಗೆ ಎಟಕುವ ಎತ್ತರದಲ್ಲಿ, ಭದ್ರವಾಗಿ ಕೂರಿಸದ ಬಾಣಲೆ. ಜಾರುವ ನೆಲ, ಹೊಗೆ, ಒಂದೇ ಬಲ್ಬು, ಬೆಳಗಿನ ಹೊತ್ತು ಮಗುವನ್ನು ಬಿಡಲು ಬೇರೆ ಜಾಗವಿಲ್ಲ, ತಲೆಯ ಮೇಲೆ ಸಾಲ. ಆ ಕ್ಷಣ: ಬಿಸಿ ಹಿಡಿದಿಟ್ಟುಕೊಂಡ ಪಾಲಿಸ್ಟರ್ ಬಟ್ಟೆ, ಕುದಿಯುತ್ತಿದ್ದ ನೀರು, ನಿಲ್ಲಿಸಲಾಗದ ಚಕ್ರ, ಕೈ ಖಾಲಿ ಇರುವವರು ಒಬ್ಬರೂ ಇಲ್ಲ. ನಂತರ: ಚರ್ಮ ಕಿತ್ತು ಬಂದ ಗಾಯ, ತಣ್ಣೀರು ಹಾಕದೆ ಒಳಗೇ ಉಳಿದ ಶಾಖ, ಇಂಕು, ತಡವಾದ ಆಸ್ಪತ್ರೆ, ಮೊಣಕೈ ಮಡಚಿಕೊಳ್ಳದ ಹಾಗೆ ಮಾಡಿಸಬೇಕಾದ ವ್ಯಾಯಾಮವನ್ನು ಯಾರೂ ಹೇಳಿಕೊಡದೆ ಹೋದದ್ದು. ಕೂಡಲೇ ಇಪ್ಪತ್ತು ನಿಮಿಷ ತಣ್ಣೀರು ಹರಿಸಿದ್ದರೆ ಗಾಯ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲವೇನೋ. ನೀರು ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಎಲ್ಲ ತುಂಬಿದ ಮೇಲೆ 'ಹತ್ತು ವರ್ಷದ ಅಣ್ಣನ ಗಮನ ಎಲ್ಲೋ ಇತ್ತು' ಎಂಬುದನ್ನು ಬರೆಯಲು ಜಾಗ ಹುಡುಕಿದೆ. ಒಂದು ಮನೆಯ ಮೂಲೆಯಲ್ಲಿ ಸ್ವಲ್ಪ ಜಾಗ ಸಿಕ್ಕಿತು. ಅಷ್ಟೇ.

ಆದರೆ ಆ ರಾತ್ರಿಯ ಬೆಲ್ಟಿಗೆ ಮನೆ ಯಾವುದು? 'ನಂತರ' ಎಂಬ ಸಾಲಿನಲ್ಲಿ ಬರೆಯಬೇಕೆ? ಇದಕ್ಕೆ ಉತ್ತರ ಇನ್ನೊಂದು ಸಂಶೋಧನೆಯಲ್ಲಿದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬುವರು ಸ್ಥೂಲಕಾಯದವರಿಗೆ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದುದು ಅವರಿಗೆ ಒಗಟಾಯಿತು. ಕೂರಿಸಿಕೊಂಡು ಮಾತಾಡಿಸಿದಾಗ ಹಲವರ ಬಾಲ್ಯದಲ್ಲಿ ದೌರ್ಜನ್ಯ ನಡೆದಿರುವುದು ತಿಳಿಯಿತು. ಡಾ. ರಾಬರ್ಟ್ ಆಂಡಾ ಅವರೊಂದಿಗೆ ಸೇರಿ ಸಾವಿರಾರು ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಗುವಾಗಿದ್ದಾಗ ಹೊಡೆದಿದ್ದರೆ? ಅವಮಾನ ಮಾಡುತ್ತಿದ್ದರೆ? ತಾಯಿಗೆ ಹೊಡೆಯುವುದನ್ನು ನೋಡಿದ್ದಿರಾ? ಮನೆಯಲ್ಲಿ ಕುಡಿಯುವವರು, ಮನೋರೋಗಿಗಳು, ಜೈಲಿಗೆ ಹೋದವರು ಇದ್ದರೆ? ಇಂಥ ಸಂಕಟಗಳ ಸಂಖ್ಯೆ ಹೆಚ್ಚಾದಷ್ಟೂ ಮುಂದೆ ರೋಗವೂ ಹೆಚ್ಚು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು.

ಅದು ಅಮೆರಿಕದ ಮಾತು, ನಮ್ಮಲ್ಲಿ ಹಾಗಲ್ಲ ಎನ್ನುವವರಿಗೆ ನಮ್ಮ ಲೆಕ್ಕವೂ ಇದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಹೊರತಂದ ವರದಿಯ ಪ್ರಕಾರ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದವರು. ಮನೆಯೊಳಗೆ ಏಟು ತಿಂದವರಲ್ಲಿ ಸುಮಾರು ಶೇ. 88 ಮಂದಿಗೆ ಹೊಡೆದವರು ಹೆತ್ತವರೇ. ಮುಂದೆ ನಿಮ್ಹಾನ್ಸ್‌ನ ಡಾ. ವಿವೇಕ್ ಬೆನೆಗಲ್ ಅವರ ಮುಂದಾಳತ್ವದಲ್ಲಿ ಭಾರತ ಮತ್ತು ಬ್ರಿಟನ್‌ನ ಸಂಶೋಧಕರು 'ಸಿ-ವೇದ' ಎಂಬ ಅಧ್ಯಯನ ಮಾಡಿದರು. ಏಳು ಕೇಂದ್ರಗಳಲ್ಲಿ ಸುಮಾರು 9,000 ಮಕ್ಕಳು ಮತ್ತು ಯುವಕರು ಅದರಲ್ಲಿ ಸೇರಿದ್ದಾರೆ. ಒಂದು ಕೇಂದ್ರ ಮೈಸೂರು. ಇನ್ನೊಂದು ಚಿಂತಾಮಣಿಯಿಂದ ಮದನಪಲ್ಲಿಯ ಕಡೆ ಗಡಿ ದಾಟಿದರೆ ಸಿಗುವ ರಿಷಿ ವ್ಯಾಲಿ. ಬಾಲ್ಯದ ಸಂಕಟ ನಮ್ಮ ಪಕ್ಕದ ಹಳ್ಳಿಗಳಲ್ಲೇ ಎಣಿಕೆಯಾಗಿದೆ.

ಈ ಎರಡು ಸಂಶೋಧನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅರ್ಥವಾದದ್ದು ಇಷ್ಟು. ಮೈ ಸುಡುವ ಮನೆಯೂ ಮನಸ್ಸು ಸುಡುವ ಮನೆಯೂ ಬಹಳ ಸಲ ಒಂದೇ. ಸಾಲ, ದುಡಿತ, ನಿದ್ದೆಗೇಡು, ಸಿಟ್ಟು ಇರುವ ಮನೆಯಲ್ಲಿ ಮಗುವಿನ ಮೇಲೆ ಕಣ್ಣಿಡಲು ಯಾರಿಗೂ ಬಿಡುವಿಲ್ಲ, ಮಗುವಿಗೆ ಗಾಯವಾದರೆ ಆ ಗಾಯದಿಂದಲೇ ಇನ್ನೊಂದು ಹೊಡೆತ ಹುಟ್ಟುತ್ತದೆ. ಅಬ್ಬಾ ತಾವೇ ಏಳು ವರ್ಷದವರಾಗಿದ್ದಾಗ ಬೇರೆಯವರ ಶೆಡ್ಡಿನಲ್ಲಿ ಚಕ್ರ ತಿರುಗಿಸಲು ಕೂತವರು. ದಾದಾ ತೆಗೆದುಕೊಂಡಿದ್ದ ಮುಂಗಡ ತೀರುವವರೆಗೂ ಕೂರಬೇಕಿತ್ತು. ಅವರ ಅಂಗೈ ಜೀವನವಿಡೀ ಬೆಂದ ಬಟ್ಟೆಯ ಹಾಗಿತ್ತು. ಆ ಪ್ರಶ್ನೆಗಳನ್ನು ಅವರಿಗೆ ಯಾರೂ ಕೇಳಲಿಲ್ಲ. ಕೇಳಿದ್ದರೂ "ಅದೆಲ್ಲ ಏನು ಮಹಾ" ಎನ್ನುತ್ತಿದ್ದರು.

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಿತು. ಕರ್ನಾಟಕದ ರೀಲಿಂಗ್ ಘಟಕಗಳ ಮಕ್ಕಳ ಬೊಬ್ಬೆ ಎದ್ದ ಕೈಗಳೂ ಅದರಲ್ಲಿದ್ದವು. ಆಗ ನಮ್ಮವರಲ್ಲಿ ಅನೇಕರು, ನಾನೂ ಸೇರಿ, ನಮ್ಮ ಕಸುಬಿಗೆ ಮತ್ತು ನಮ್ಮ ಸಮುದಾಯಕ್ಕೆ ಕೆಟ್ಟ ಹೆಸರು ತರಲು ಹೀಗೆ ಬರೆದಿದ್ದಾರೆ ಎಂದು ಮಾತಾಡಿಕೊಂಡೆವು. ಆ ಮಕ್ಕಳಲ್ಲಿ ಮುಸ್ಲಿಮರೂ ದಲಿತರೂ ಇದ್ದರು ಎಂಬುದು ನಮಗೆ ಗೊತ್ತಿತ್ತು. ಕಸುಬಿನ ಮಾನ ಉಳಿಸಲು ಹೋಗಿ ನಮ್ಮದೇ ಮಕ್ಕಳ ಕೈಗಳನ್ನು ನೋಡದೆ ಹೋದೆವು. ಈಗ ಶಿಡ್ಲಘಟ್ಟಕ್ಕೆ ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬಂದಿವೆ, ನಮ್ಮ ಕಾಲದಷ್ಟು ಮಕ್ಕಳು ಬಾಣಲೆಯ ಮುಂದೆ ಕಾಣುವುದಿಲ್ಲ. ಅದು ಸಮಾಧಾನದ ಸಂಗತಿ.

ಆದರೆ ಅಪಾಯ ರೂಪ ಬದಲಿಸುತ್ತದೆ. ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದಾಗ ಒಂದೇ ಕಾಂಪೌಂಡಿನಲ್ಲಿ ಕನ್ನಡ ಶಾಲೆಯೂ ಉರ್ದು ಶಾಲೆಯೂ ಇದ್ದವು. ಒಂದು ವರ್ಷ ಬೇಸಿಗೆ ರಜೆ ಮುಗಿದು ಬಾಗಿಲು ತೆರೆದಾಗ ಕನ್ನಡ ಶಾಲೆಯ ಐದನೇ ತರಗತಿಯ ಒಬ್ಬ ಹುಡುಗ ಬರಲಿಲ್ಲ. ಕೃಷಿ ಹೊಂಡದಲ್ಲಿ ಮುಳುಗಿದ್ದ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಒಣಗಿದ ನಮ್ಮ ಸೀಮೆಯಲ್ಲಿ ಮಳೆನೀರು ಹಿಡಿಯಲು 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಗಳು ಎದ್ದವು. ರೈತರಿಗೆ ಅವು ಜೀವಜಲ. ಆದರೆ ನೀರು ಇಂಗದ ಹಾಗೆ ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ, ಕಾಲಿಟ್ಟಷ್ಟೂ ಜಾರುತ್ತದೆ. ಹುಡುಗನ ತಾಯಿ "ದೇವರು ಕೊಟ್ಟ, ದೇವರು ಕಿತ್ಕೊಂಡ" ಎಂದು ಅಳುತ್ತಿದ್ದರು. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಒಂದು ಗಂಟು ಹಾಕಿದ ಹಗ್ಗ, ತೇಲಲು ಒಂದು ಹಳೆಯ ಟ್ಯೂಬು ಇದ್ದಿದ್ದರೆ ಸಾಕಿತ್ತು. ಯೋಜನೆಯಲ್ಲಿ ತಂತಿ ಬೇಲಿಗೂ ಸಹಾಯಧನ ಸೇರಿದೆ.

ತೆರೆದ ಕೊಳವೆಬಾವಿಯದೂ ಇದೇ ಕತೆ. ಅವುಗಳನ್ನು ಮುಚ್ಚಬೇಕು, ಕೊರೆಯುವಾಗ ಬೇಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಹೆಣ್ಣುಮಗು ಉಳಿಯಲಿಲ್ಲ. 2024ರಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಬದುಕಿ ಬಂತು, ರಾಜ್ಯವೆಲ್ಲ ಸಂತೋಷಪಟ್ಟಿತು. ಬಾಯಿಗೆ ಮುಚ್ಚಳ ಹಾಕಿಸಿಕೊಂಡ ಕೊಳವೆಬಾವಿಗೆ ಮಾತ್ರ ಯಾರೂ ಕ್ಯಾಮೆರಾ ತರುವುದಿಲ್ಲ. ತಡೆದ ಗಾಯ ಸುದ್ದಿಯಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಗುರುರಾಜ್ ಅವರಂಥವರ ಕೆಲಸ ಜನರಿಗೆ ಗೊತ್ತಾಗದಿರುವುದು ಇದೇ ಕಾರಣಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಹೊರತಂದ ವರದಿ ಜಗತ್ತಿನಲ್ಲಿ ಆಗ ವರ್ಷಕ್ಕೆ 8,30,000 ಮಕ್ಕಳು ಹೀಗೆ ಗಾಯಗಳಿಂದ ಸಾಯುತ್ತಿದ್ದರೆಂದು ಲೆಕ್ಕ ಕೊಟ್ಟಿತು. ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು. ಗೊತ್ತಿರುವ ಉಪಾಯಗಳನ್ನೇ ಎಲ್ಲ ಕಡೆ ಬಳಸಿದರೆ ದಿನಕ್ಕೆ ಸಾವಿರ ಮಕ್ಕಳನ್ನಾದರೂ ಉಳಿಸಬಹುದು ಎಂದಿತು. ಬಡ ಬಾಂಗ್ಲಾದೇಶದಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಪುಟ್ಟ ಮಕ್ಕಳನ್ನು ಹಳ್ಳಿಯಲ್ಲೇ ಒಂದು ಮನೆಯಲ್ಲಿ ಕೂರಿಸಿ ನೋಡಿಕೊಳ್ಳುವ 'ಆಂಚಲ್' ಕೇಂದ್ರಗಳನ್ನು ಮಾಡಿದರು. ಅಲ್ಲಿಗೆ ಬರುವ ಮಕ್ಕಳಲ್ಲಿ ನೀರಿಗೆ ಬಿದ್ದು ಸಾಯುವುದು ಐದರಲ್ಲಿ ನಾಲ್ಕು ಪಾಲು ಇಳಿಯಿತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು 2023ರಿಂದ ಆರಂಭಿಸಿದ 'ಕೂಸಿನ ಮನೆ'ಯೂ ಇಂಥದೇ. ಅದನ್ನು ಬರೀ ಊಟದ ಯೋಜನೆ ಎಂದು ನೋಡಬಾರದು. 1990ರ ಆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಕೂಸಿನ ಮನೆ ಇದ್ದಿದ್ದರೆ?

ಇನ್ನೊಂದು ಮಾತನ್ನೂ ಹೇಳಬೇಕು. ನಾನೂ ಕೋಲು ಹಿಡಿದ ಮೇಷ್ಟ್ರೇ. ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಬಂದು ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದ ಮೇಲೂ ಕೆಲವು ವರ್ಷ ನನ್ನ ಕೈ ತಡೆಯಲಿಲ್ಲ. ಒಮ್ಮೆ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ತಡವಾಗಿ ಬಂದ ಹುಡುಗನನ್ನು ಕಾರಣ ಕೇಳದೆ ಹೊಡೆದೆ. ಆಮೇಲೆ ನೋಡಿದರೆ ಮನೆಯಲ್ಲಿ ತಮ್ಮನಿಗೆ ಹಾಲು ಕಾಯಿಸಲು ಹೋಗಿ ಸುಟ್ಟುಕೊಂಡಿದ್ದ. ಆ ದಿನ ನನಗೆ ನನ್ನ ಕೈಯಲ್ಲಿ ಅಬ್ಬಾನ ಬೆಲ್ಟು ಕಂಡಿತು.

ಎಲ್ಲ ತಕ್ದೀರ್ ಎನ್ನುವವರಿಗೆ ನಾವು ಓದುವ ಹದೀಸುಗಳಲ್ಲೇ ಉತ್ತರವಿದೆ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಯವರ ಸಮೇತ ಹೊತ್ತಿ ಉರಿದಾಗ ಪ್ರವಾದಿ(ಸ) ವಿಧಿ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಮಲಗುವ ಮುನ್ನ ಬೆಂಕಿ ಆರಿಸಲು ಹೇಳಿದರು. ಅಡ್ಡಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನನ್ನು ಎಚ್ಚರಿಸಿದರು. ದಾರಿಯಲ್ಲಿ ಬಿದ್ದ ನೋವು ಕೊಡುವ ವಸ್ತುವನ್ನು ತೆಗೆಯುವುದನ್ನು ಈಮಾನಿನ ಭಾಗವೆಂದು ಕಲಿಸಿದರು. ಹ್ಯಾಡನ್‌ನ ಮನೆಗಳಲ್ಲಿ ಇವಕ್ಕೆಲ್ಲ ಜಾಗವಿದೆ. ಇನ್ನು ಹಝ್ರತ್ ಅನಸ್(ರ) ಬಾಲಕನಾಗಿ ಪ್ರವಾದಿಯವರ ಸೇವೆಗೆ ಸೇರಿ ಹತ್ತು ವರ್ಷ ಇದ್ದವರು. ಅಷ್ಟು ವರ್ಷದಲ್ಲಿ ಒಮ್ಮೆಯೂ ತನಗೆ 'ಉಫ್' ಎಂದವರಲ್ಲ, ಇದನ್ನೇಕೆ ಮಾಡಿದೆ ಎಂದು ಗದರಿದವರಲ್ಲ ಎಂದು ಅವರೇ ನೆನೆದಿದ್ದಾರೆ. ಮೀಲಾದಿನ ಸಭೆಗಳಲ್ಲಿ ಇದನ್ನು ಕೇಳಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಮನೆಗೆ ಬಂದು ಲೋಟ ಒಡೆದ ಮಗುವಿನ ಕೆನ್ನೆಗೆ ಬಾರಿಸುತ್ತೇವೆ.

ಕಳೆದ ಚಳಿಗಾಲದಲ್ಲಿ ಆ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಚಿಂತಾಮಣಿಗೆ ತಂಗಿಯ ಮನೆಗೆ ಹೋದೆ. ಈಗ ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಎಡಗೈ ಪೂರ್ತಿ ಚಾಚಲು ಬರುವುದಿಲ್ಲ, ಬಟ್ಟೆ ಒಣಹಾಕುವಾಗ ಹಗ್ಗವನ್ನು ಬಲಗೈಯಿಂದ ಎಳೆದುಕೊಳ್ಳುತ್ತಾಳೆ. ಊಟವಾದ ಮೇಲೆ ಒಂಬತ್ತು ಮನೆಗಳನ್ನು ತೋರಿಸಿ ಒಂದೊಂದಾಗಿ ವಿವರಿಸಿದೆ. ನಿಜ ಹೇಳಬೇಕೆಂದರೆ, ನನ್ನ ತಪ್ಪು ಮೂಲೆಯಲ್ಲಿ ಸ್ವಲ್ಪವೇ ಇದೆ ಎಂದು ಅವಳ ಬಾಯಿಂದ ಕೇಳಬೇಕಿತ್ತು.

ಅವಳು ಎಲ್ಲ ಕೇಳಿ ಹೇಳಿದಳು: "ಭಾಯ್, ಸುಟ್ಟದ್ದು ನನಗೆ ನೆನಪೇ ಇಲ್ಲ. ಅಬ್ಬಾ ನಿನ್ನನ್ನು ಹೊಡೆದದ್ದು ನೆನಪಿದೆ. ನಾನು ಚಾಪೆ ಮೇಲೆ ಮಲಗಿದ್ದೆ. ನಾನು ಬಿದ್ದದ್ದಕ್ಕೆ ನಿನಗೆ ಏಟು ಬೀಳ್ತಾ ಇದೆ ಅಂದುಕೊಂಡೆ. ಆಮೇಲೆ ಪಟ್ಟಿ ಬಿಚ್ಚುವಾಗ ಎಷ್ಟು ನೋವಾದರೂ ಅಳ್ತಾ ಇರಲಿಲ್ಲ. ಅತ್ತರೆ ಮತ್ತೆ ನಿನ್ನ ಹೊಡೀತಾರೆ ಅಂತ."

ನನಗೆ ಮಾತು ಹೊರಡಲಿಲ್ಲ. ಮೂವತ್ತೈದು ವರ್ಷ ತಪ್ಪು ನನ್ನದೆಂದು ನಾನು ತಿಳಿದಿದ್ದೆ, ತನ್ನದೆಂದು ಅವಳು ತಿಳಿದಿದ್ದಳು. ಹತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು ಒಂದು ಶೆಡ್ಡಿನ, ಒಂದು ಸಾಲದ, ಒಂದು ಬಾಣಲೆಯ ತಪ್ಪನ್ನೆಲ್ಲ ಹಂಚಿಕೊಂಡು ಹೊತ್ತಿದ್ದೆವು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, "ಇಟ್ಟಿಗೆ ಬರೆದಿಲ್ಲವಲ್ಲ ಇದರಲ್ಲಿ?"

"ಯಾವ ಇಟ್ಟಿಗೆ?"

"ಮುಂದಿನ ಶುಕ್ರವಾರ ಅಬ್ಬಾ ಗಾಡಿಯಲ್ಲಿ ಇಟ್ಟಿಗೆ ತರಿಸಿದರಲ್ಲ, ಜುಮಾ ಮುಗಿಸಿ ಬಂದು ತಾವೇ ಒಲೆಯ ಸುತ್ತ ಕಟ್ಟೆ ಕಟ್ಟಿದರು. ನನ್ನ ಎದೆ ಮಟ್ಟಕ್ಕಿತ್ತು. ನೀರು ಹರಿದು ಹೋಗೋಕೆ ಮೋರಿಯನ್ನೂ ಮಾಡಿದರು. ನಿನಗೆ ನೆನಪಿಲ್ವಾ?"

ನೆನಪಾಯಿತು. ಸಿಮೆಂಟು ಕಲಸಲು ನೀರು ಹೊತ್ತುಕೊಟ್ಟವನು ನಾನೇ. ಅಬ್ಬಾ ಆ ದಿನ ಒಂದು ಮಾತೂ ಆಡಲಿಲ್ಲ, ಮುಂದೆಯೂ ಆ ಬೆಳಗಿನ ವಿಷಯ ಎತ್ತಲಿಲ್ಲ. ಬೆಲ್ಟನ್ನು ನೆನಪಿಟ್ಟುಕೊಂಡು ಕಟ್ಟೆಯನ್ನು ನಾನು ಮರೆತಿದ್ದೆ. ಓದು ಬಾರದ ಆ ಮನುಷ್ಯ ಒಂಬತ್ತು ಮನೆಗಳಲ್ಲಿ ಎರಡನ್ನು ತಾವಾಗಿಯೇ ತುಂಬಿದ್ದರು.

ಅಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದೆ. ಕಟ್ಟೆ ಕಟ್ಟಿದ ಮೇಲೆ ನಮ್ಮ ಶೆಡ್ಡಿನಲ್ಲಿ ಇನ್ನೊಂದು ಮಗು ಸುಡಲಿಲ್ಲ. ಬೆಲ್ಟಿನ ಏಟಿನಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.